ಬಡಗಿ ಹಾಕಿದ ಬೆಸುಗೆ

"ಮುಟ್ಟಬೇಡಿ! ಆ ಮೇಜು ಮುಟ್ಟಬೇಡಿ!"

ಬಡಗಿ ಕೂಗಿದ ಜೋರಿಗೆ ಮುಂದಿನ ಕೋಣೆಯಲ್ಲಿ ಅಳುತ್ತಿದ್ದವರೂ ಒಂದು ಗಳಿಗೆ ಸುಮ್ಮನಾದರು. ಮೇಜಿನ ಒಂದು ತುದಿಯನ್ನು ಆಗಲೇ ಎತ್ತಿದ್ದ ಬಾವಮೈದ ಹಾಗೇ ನಿಂತ. ಸತ್ತವನ ಹೆಂಡತಿಯ ತಮ್ಮ ಅವನು; ಬಂದವರಿಗೆ ಕೂರಲು ಜಾಗ ಸಾಲದೆಂದು ಹಿಂದಿನ ಕೋಣೆ ತೆರವು ಮಾಡಲು ಹೊರಟಿದ್ದ. ಮೇಜಿನ ಮೇಲೆ ಹಳೇ ಟವೆಲ್ ಹೊದ್ದುಕೊಂಡು ಒಂದು ಆಂಪ್ಲಿಫೈಯರ್ ಬೋರಲು ಮಲಗಿತ್ತು.

"ಯಾಕ್ರೀ, ಏನಾಯ್ತು?"

"ಅದರಲ್ಲಿ ಕರೆಂಟಿರಬಹುದು."

"ಪ್ಲಗ್ಗು ನೆಲದ ಮೇಲೆ ಬಿದ್ದಿದೆ, ಕಾಣಿಸ್ತಾ ಇಲ್ವಾ? ಕರೆಂಟೇನು ಆಕಾಶದಿಂದ ಬರುತ್ತಾ?"

"ಪ್ಲಗ್ಗು ಕಿತ್ತರೂ ಒಳಗಿನ ಕೆಪಾಸಿಟರಲ್ಲಿ ನಿಂತಿರುತ್ತೆ. ನಲ್ಲಿ ನಿಲ್ಲಿಸಿದರೂ ತೊಟ್ಟಿಯಲ್ಲಿ ನೀರು ಇರಲ್ವಾ, ಹಾಗೆ."

ಬಾವಮೈದ ಮೇಜನ್ನು ಮೆಲ್ಲಗೆ ಇಳಿಸಿದ. ಮಾತನ್ನು ಮಾತ್ರ ಬಿಡಲಿಲ್ಲ.

"ಹಾಗಾದ್ರೆ ಬಾವನಿಗೆ ಹೊಡೆದದ್ದು ಇದೇನಾ?"

"ಡಾಕ್ಟರು ಹೃದಯ ನಿಂತಿದೆ ಅಂದರಲ್ಲ."

"ಶಾಕ್ ಹೊಡೆದ್ರೂ ನಿಲ್ಲೋದು ಹೃದಯಾನೇ ತಾನೆ? ಅವರು ಎರಡು ನಿಮಿಷ ನೋಡಿ ಚೀಟಿ ಬರೆದು ಹೋದ್ರು." ಆತ ಬಡಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸರಿ, ಬೀಗ ಹಾಕ್ತೀನಿ. ನಾಳೆ ತಿಳಿದವರನ್ನ ಕರೆಸಿ ತೆಗೆಸೋಣ. ಅಲ್ಲಿವರೆಗೆ ನೀವೂ ಸೇರಿ ಯಾರೂ ಒಳಗೆ ಹೋಗೋದು ಬೇಡ."

ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟು ಆತ ಕುರ್ಚಿ ತರಲು ಹೋದ. ಬಡಗಿ ಮುಚ್ಚಿದ ಬಾಗಿಲ ಮುಂದೆ ನಿಂತೇ ಇದ್ದ. ನಿನ್ನೆ ಬೆಳಗ್ಗೆ ಸುದ್ದಿ ಕೇಳಿದಾಗಿನಿಂದ ಅವನ ತಲೆ ಕೊರೆಯುತ್ತಿದ್ದ ಪ್ರಶ್ನೆಯನ್ನೇ ಬಾವಮೈದ ಬಾಯಿಬಿಟ್ಟು ಕೇಳಿದ್ದ. ಆ ಆಂಪ್ಲಿಫೈಯರಿನೊಳಗಿನ ಒಂದು ಬೆಸುಗೆ ಬಡಗಿಯ ಕೈಯದ್ದು. ಅದು ಕಳಚಿಕೊಂಡಿದ್ದರೆ, ಮೂವತ್ತು ವರ್ಷದ ಗೆಳೆಯನನ್ನು ಕೊಂದವನು ತಾನೇ.

*

ಸತ್ತ ಗೆಳೆಯನನ್ನು ಕಿವಿಯಣ್ಣ ಎಂದು ಊರೆಲ್ಲ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಅವನು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವವನು. ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಗೆ, ಇನ್ನೊಂದನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಹೋಗಿಬರುವವರು ಹುಚ್ಚನೋ ಎಂಬಂತೆ ನೋಡುತ್ತಿದ್ದರು. "ಇಲ್ಲಿ ಅಗೀರಿ" ಎಂದರೆ ಅಲ್ಲಿ ಪೈಪು ಒಡೆದಿರಲೇಬೇಕು.

ಅವನು ಮೊದಲ ಸಲ ಬಡಗಿಯ ಅಂಗಡಿಗೆ ಬಂದದ್ದು ಎರಡು ಪೆಟ್ಟಿಗೆ ಬೇಕೆಂದು.

"ಏನಿಡೋಕೆ?" ಎಂದು ಬಡಗಿ ಕೇಳಿದ್ದ.

"ಗಾಳಿ."

ಬಡಗಿ ನಗಲಿಲ್ಲ, ಅಳತೆ ಕೇಳಿದ. ಮನೆಯಲ್ಲೇ ಸ್ಪೀಕರು, ಆಂಪ್ಲಿಫೈಯರು ಕಟ್ಟುವ ಇಬ್ಬರ ಹುಚ್ಚು ಅಲ್ಲಿಂದ ಶುರುವಾಯಿತು. ಹಲಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, "ಇದು ಮಾತಾಡುತ್ತೆ, ಬೇಡ; ಇದು ಬಾಯಿ ಮುಚ್ಚಿಕೊಂಡಿರುತ್ತೆ, ಇದೇ ಕೊಡು" ಎನ್ನುತ್ತಿದ್ದ ಕಿವಿಯಣ್ಣ. ಸ್ಪೀಕರಿಗೆ ಅಂಗಡಿಯ ಕೇಬಲ್ ಕೊಳ್ಳುವವರನ್ನು ಕಂಡರೆ ಅವನಿಗಾಗದು. ಬೇಡವೆಂದು ಬಿಸಾಡಿದ ಟೆಲಿಫೋನ್ ತಂತಿಗಳನ್ನು ತಂದು, ಜಡೆಯಂತೆ ಹೆಣೆಯಲು ಹೆಂಡತಿಯ ಮುಂದೆ ಹಾಕುತ್ತಿದ್ದ. ಅವಳು ಬೈದುಕೊಂಡೇ ಹೆಣೆಯುತ್ತಿದ್ದಳು. "ಮಗಳ ತಲೆ ಬಾಚೋಕೆ ಹೊತ್ತಿಲ್ಲ, ಇವರ ತಂತಿಗೆ ಜಡೆ ಹಾಕು ಅಂತಾರೆ" ಎಂದು ಬಡಗಿಯ ಮುಂದೆ ದೂರುತ್ತಿದ್ದಳು. ಆದರೆ ಹೆಣಿಗೆಯಲ್ಲಿ ಒಂದು ಸುತ್ತು ತಪ್ಪಿದರೂ ಬಿಚ್ಚಿ ಮತ್ತೆ ಹೆಣೆಯುವವಳು ಅವಳೇ.

ಎಂಟು ದಿನದ ಹಿಂದೆ ಹೊಸ ಆಂಪ್ಲಿಫೈಯರಿಗೆ ಕೊನೆಯ ಕೆಲಸ ನಡೆದಿತ್ತು. ಹೊಟ್ಟೆಯೊಳಗೆ ಎಣ್ಣೆ ತುಂಬಿದ ತಗಡಿನ ದೊಡ್ಡ ಕೆಪಾಸಿಟರ್, ಅದರ ಮೇಲೆ ತಂತಿ ಬೆಸೆಯುವ ಎರಡು ಮೊಳೆಗಳ ನಡುವೆ ಸೀಮೆಸುಣ್ಣದ ತುಂಡಿನಂಥ ರೆಸಿಸ್ಟರ್. ಸ್ವಿಚ್ಚು ಆರಿಸಿದ ಮೇಲೆ ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಮೆಲ್ಲಗೆ ಬಸಿದು ಖಾಲಿ ಮಾಡುವುದಷ್ಟೇ ಅದರ ಕೆಲಸ. ರೆಸಿಸ್ಟರಿನ ಒಂದು ತಂತಿಕಾಲನ್ನು ಬೆಸೆದ ಕಿವಿಯಣ್ಣ ಎರಡನೆಯದಕ್ಕೆ ಬರುವಷ್ಟರಲ್ಲಿ ನಿಂತ. ಕೈ ನಡುಗುತ್ತಿತ್ತು.

"ಈಚೆಗೆ ಹೀಗೇ ಆಗ್ತಿದೆ ಕಣೋ. ನೀನು ಹಾಕು."

"ನಾನಾ? ನನಗೆ ಗೋಂದು ಗೊತ್ತು, ಸೀಸ ಗೊತ್ತಿಲ್ಲ."

"ಕಾಯಿಸು, ಕರಗಿಸು, ಕೈ ತೆಗಿ. ಅಷ್ಟೇ."

ಬಡಗಿ ಕಾಯಿಸಿದ, ಕರಗಿಸಿದ. ಆಮೇಲೆ ಕೈ ತೆಗೆಯಲಿಲ್ಲ. ಕುರ್ಚಿಯ ಕಾಲು ಗೋಂದು ಹಿಡಿದಿದೆಯೋ ಎಂದು ಅಲ್ಲಾಡಿಸಿ ನೋಡುವ ಅಭ್ಯಾಸದ ಕೈ ಅದು. ಸೀಸ ಆರುವ ಮೊದಲೇ ರೆಸಿಸ್ಟರಿನ ಕಾಲನ್ನು ಸ್ವಲ್ಪವೇ ಸ್ವಲ್ಪ ಅಲ್ಲಾಡಿಸಿ ನೋಡಿತು. ಗಟ್ಟಿಯಾಗಿತ್ತು. ಆದರೆ ಬೆಸುಗೆಯ ಹೊಳಪು ಹೋಗಿ ಮಬ್ಬಾಗಿತ್ತು.

ಮಬ್ಬು ಬೆಸುಗೆ ಎಂದಾದರೂ ಕಳಚುತ್ತದೆ; ಬೇರೆ ಯಾರದ್ದಾಗಿದ್ದರೂ ಕಿವಿಯಣ್ಣ ಬಿಚ್ಚಿ ಮತ್ತೆ ಹಾಕುತ್ತಿದ್ದ. ಅವತ್ತು ದಣಿದಿದ್ದ. "ಸಾಕು ಬಿಡು, ಚೆನ್ನಾಗಿದೆ" ಎಂದುಬಿಟ್ಟ. ಆ ಮಾತಿಗೆ ಬಡಗಿ ಮನೆಯವರೆಗೂ ಖುಷಿಯಲ್ಲಿ ನಡೆದುಕೊಂಡು ಹೋಗಿದ್ದ.

*

ಮುಂದಿನ ಕೋಣೆಯಲ್ಲಿ ಕಿವಿಯಣ್ಣನ ಹೆಂಡತಿ, ಬಡಗಿಯ ಬಾಯಲ್ಲಿ ಅತ್ತಿಗೆ, ಅದೇ ಮಾತನ್ನು ಆರನೆಯ ಸಲ ಹೇಳುತ್ತಿದ್ದಳು. ಬಡಗಿ ಗೋಡೆಗೊರಗಿ ಕೇಳುತ್ತಿದ್ದ.

"ಚಹಾ ತಗೊಂಡು ಹೋದೆ. ಮೇಜಿನ ಮೇಲೆ ತಲೆಯಿಟ್ಟು ಮಲಗಿದ ಹಾಗಿದ್ರು. ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು. ಏಳಿ, ಆರಿಹೋಗುತ್ತೆ ಅಂದೆ."

"ಪುಣ್ಯವಂತ, ನರಳಲಿಲ್ಲ" ಎಂದರು ನೀರು ಕಚೇರಿಯ ವಯಸ್ಸಾದ ಮೇಲ್ವಿಚಾರಕರು. "ನಮ್ಮ ಕಚೇರಿಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬಂತಮ್ಮ, ಸೋರಿಕೆ ಹುಡುಕೋಕೆ. ಅದು ತೋರಿಸಿದ ಕಡೆ ಮೂರು ಗುಂಡಿ ತೋಡಿಸಿದೆ, ಒಣ ಮಣ್ಣು. ಇವನು ಬಂದು ಸರಳು ಇಟ್ಟು, 'ಸಾರ್, ನಿಮ್ಮ ಕುರ್ಚಿ ಕೆಳಗೇ ಸೋರ್ತಿದೆ' ಅಂದ. ಇತ್ತು ಕಣಮ್ಮಾ!"

ಒಂದಿಬ್ಬರು ನಕ್ಕರು, ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು. ಅತ್ತಿಗೆಯೂ ಅರೆಗಳಿಗೆ ನಕ್ಕಳು. ಬಡಗಿಗೆ ಮಾತ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಒಂದೇ ಕಣ್ಣ ಮುಂದೆ. ಅದರ ತುದಿ ಎಲ್ಲಿಗೆ ತಗುಲಿತ್ತು?

ಕಿವಿಯಣ್ಣನ ಮಗಳು ಬಂದು ಬಡಗಿಯ ಕೈ ಹಿಡಿದಳು. "ಚಿಕ್ಕಪ್ಪ, ನಿನ್ನೆಯಿಂದ ಏನೂ ತಿಂದಿಲ್ವಂತೆ. ನೀವೂ ಮಲಗಿಬಿಟ್ರೆ ಅಪ್ಪನ್ನ ಹೊರೋರು ಯಾರು?"

ಆ ಪ್ರೀತಿಯನ್ನು ತಡೆದುಕೊಳ್ಳುವುದು ಅವನಿಂದ ಆಗಲಿಲ್ಲ. ಶವ ಒಯ್ಯುವ ವಾಹನ ನಾಲ್ಕಕ್ಕೆ ಬರುವುದಿತ್ತು, ಆಗಲೇ ಮೂರೂವರೆ. ಗೆಳೆಯನಿಗೆ ಹೆಗಲು ಕೊಡುವ ಮೊದಲು ತಾನು ಅದಕ್ಕೆ ಯೋಗ್ಯನೋ ಅಲ್ಲವೋ ಗೊತ್ತಾಗಬೇಕಿತ್ತು. ಅವನು ಅತ್ತಿಗೆಯ ಬಳಿ ಬಗ್ಗಿದ.

"ಅತ್ತಿಗೆ, ಬೀಗದ ಕೈ ಕೊಡಿ."

"ಯಾಕೆ?"

"ಆ ಆಂಪ್ಲಿಫೈಯರಿನೊಳಗೆ ಏನೋ ಒಂದು ನೋಡಬೇಕು."

ಅವಳು ಅವನ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಆ ಮುಖಕ್ಕೆ ಊಟ ಬಡಿಸಿದವಳು.

"ನಾನೂ ಬರ್ತೀನಿ. ನನ್ನ ಮುಂದೇನೇ ತೆಗಿ."

*

ಬಾಗಿಲು ಹಾಕಿಕೊಂಡ ಮೇಲೆ ಬಡಗಿ ಟವೆಲ್ ಎತ್ತಿದ. ವಾಲ್ವ್‌ಗಳನ್ನು ಕಿವಿಯಣ್ಣ ಕಳಚಿ ಪಕ್ಕದಲ್ಲಿ ಸಾಲಾಗಿ ಮಲಗಿಸಿದ್ದ. ಕರೆಂಟು ಆ ಗಾಜಿನ ಬುರುಡೆಗಳ ಮೂಲಕ ಹರಿದುಹೋಗಲು ದಾರಿಯೇ ಇರಲಿಲ್ಲ. ಅವನು ಟಾರ್ಚ್ ಹಾಕಿ ರೆಸಿಸ್ಟರ್ ಹುಡುಕಿದ.

ಕಿವಿಯಣ್ಣ ಬೆಸೆದ ಕಾಲು ಮೊಳೆಗೆ ಅಂಟಿಕೊಂಡು ಥಳಥಳಿಸುತ್ತಿತ್ತು. ಇನ್ನೊಂದು ಕಾಲು ಮಬ್ಬು ಬೆಸುಗೆಯಿಂದ ಕಳಚಿ, ಕೂದಲೆಳೆಯಷ್ಟು ದೂರ ನಿಂತಿತ್ತು.

"ಬಿಟ್ಟಿದೆ" ಎಂದ ಬಡಗಿ. "ಅತ್ತಿಗೆ, ಇದು ನಾನು ಹಾಕಿದ್ದು. ಅವನ ಕೈ ನಡುಗುತ್ತಿತ್ತು, ನನಗೆ ಕೊಟ್ಟ. ನಾನು ಕೆಡಿಸಿದೆ. ಇದು ಬಿಟ್ಟರೆ ಒಳಗಿನ ಕರೆಂಟು ಖಾಲಿಯಾಗಲ್ಲ. ಖಾಲಿಯಾಗಿದೆ ಅಂದ್ಕೊಂಡು ಅವನು ಕೈ ಹಾಕಿದ್ದರೆ..."

ಅವಳು ಗೋಡೆಗೆ ಕೈ ಕೊಟ್ಟು ನಿಂತಳು.

"ಹಾಕಿದ್ರೆ, ಅಂತೀಯಾ. ಹಾಕಿದ್ರಾ? ಅದನ್ನ ಹೇಳು."

ಬಡಗಿ ಅದನ್ನು ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸಿದ. ಕರೆಂಟು ಕಿವಿಯಣ್ಣನ ಮೈ ಮೂಲಕ ಹಾದುಹೋಗಿದ್ದರೆ ಕೆಪಾಸಿಟರ್ ಆ ಒಂದೇ ಏಟಿಗೆ ಬರಿದಾಗಿರಬೇಕು. ಹಾದುಹೋಗಿಲ್ಲದಿದ್ದರೆ ಒಳಗೇ ಇರಬೇಕು, ಇವತ್ತಿಗೂ. ಗೋಡೆಯ ಮೊಳೆಯಿಂದ ಕರೆಂಟು ಅಳೆಯುವ ಮೀಟರನ್ನು ತೆಗೆದ. ಕೆಂಪು ಕಡ್ಡಿ ಒಂದು ಕೈಯಲ್ಲಿ, ಕಪ್ಪು ಕಡ್ಡಿ ಇನ್ನೊಂದರಲ್ಲಿ.

"ಮುಳ್ಳು ಏಳದೇ ಇದ್ರೆ ನಾನೇ ಕೊಂದೆ ಅಂತ."

"ಇಡು."

ಕಡ್ಡಿಗಳನ್ನು ಇಟ್ಟ. ಮುಳ್ಳು ಎದ್ದಿತು. ನೂರು ವೋಲ್ಟು ದಾಟಿತು, ಇನ್ನೂರು ದಾಟಿತು, ಮುನ್ನೂರರ ಹತ್ತಿರ ಹೋಗಿ ನಿಂತಿತು. ಬಡಗಿ ಗಾಬರಿಯಿಂದ ಕಡ್ಡಿಗಳನ್ನು ಕಿತ್ತುಕೊಂಡ.

"ಇದೆ, ಅತ್ತಿಗೆ. ಅಷ್ಟೂ ಇದೆ. ಇದು ಅವನನ್ನ ಮುಟ್ಟಿಲ್ಲ."

ಆಗಲೇ ಹೊರಗೆ ವಾಹನದ ಹಾರ್ನ್ ಕೇಳಿಸಿತು, ಬಾಗಿಲು ಬಡಿದ ಸದ್ದೂ ಆಯಿತು.

"ಅಕ್ಕಾ, ಒಳಗೇನು ಮಾಡ್ತಿದೀಯಾ? ಯಾರಿದ್ದಾರೆ ಜೊತೆಗೆ?"

ಬಡಗಿ ದನಿ ತಗ್ಗಿಸಿದ. "ಮನೆ ತುಂಬ ಜನ, ಇದನ್ನ ಹೀಗೇ ಬಿಡೋ ಹಾಗಿಲ್ಲ. ಯಾರ ಕೈಯಾದ್ರೂ ತಗುಲುತ್ತೆ. ಕಡ್ಡಿ ಹಿಡಿದೇ ಇದ್ರೆ ಮೀಟರು ಮೆಲ್ಲಗೆ ಕುಡಿದು ಖಾಲಿ ಮಾಡುತ್ತೆ."

"ಖಾಲಿ ಮಾಡಿದ್ರೆ ನಾಳೆ ನೋಡೋಕೆ ಬಂದವರಿಗೆ ಏನು ಕಾಣುತ್ತೆ?"

"ನನ್ನ ಬೆಸುಗೆ ಬಿಟ್ಟಿರೋದು ಕಾಣುತ್ತೆ, ಇದು ಅವನನ್ನ ಮುಟ್ಟಿಲ್ಲ ಅನ್ನೋದು ಕಾಣಲ್ಲ. ಅಷ್ಟೇ."

ಬಾವಮೈದ ಮತ್ತೆ ಬಾಗಿಲು ಬಡಿದ.

"ಇರೋ, ಬರ್ತೀನಿ!" ಎಂದು ತಮ್ಮನಿಗೆ ಗದರಿ, ಅವಳು ಬಡಗಿಯ ಪಕ್ಕದಲ್ಲಿ ಬಂದು ನಿಂತಳು. "ನಾನು ನೋಡಿದೆನಲ್ಲ. ಮಾಡು."

ಅವನು ಕಡ್ಡಿಗಳನ್ನು ಮತ್ತೆ ಇಟ್ಟ. ಮುಳ್ಳು ಎದ್ದು, ಕಂಡೂ ಕಾಣದ ಹಾಗೆ ಇಳಿಯತೊಡಗಿತು. ಇನ್ನೂರೈವತ್ತು. ಇನ್ನೂರು. ಅಷ್ಟರಲ್ಲಿ ನಿನ್ನೆಯಿಂದ ತಡೆದಿದ್ದ ಅಳು ಬಡಗಿಗೆ ಬಂದುಬಿಟ್ಟಿತು. ಎರಡೂ ಕೈ ಕಡ್ಡಿಗಳಲ್ಲಿದ್ದವು, ಒರೆಸಿಕೊಳ್ಳುವ ಹಾಗಿರಲಿಲ್ಲ. ಅತ್ತಿಗೆ ಮುಳ್ಳಿನಿಂದ ಕಣ್ಣು ತೆಗೆಯದೆಯೇ ಕೈ ಚಾಚಿ, ಅವನ ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆಯನ್ನು ಅಂಗೈಯಿಂದ ಒರೆಸಿದಳು. ಮುಳ್ಳು ನೂರರ ಕೆಳಗೆ ಬಂದಿತ್ತು.