ಆಮೇಲಪ್ಪನೂ ಅಕ್ಕನ ದೋಣಿಯೂ

ಹೊಳೆಗೆ ಇನ್ನೂ ಸೇತುವೆ ಕಟ್ಟದಿದ್ದ ಕಾಲ. ದಡದ ಮೇಲೆ ದೋಣಿ ಮಾಡುವ ಅಕ್ಕ ಒಬ್ಬಳಿದ್ದಳು. ಅವಳಿಗೊಬ್ಬ ತಮ್ಮ. ಯಾವ ಕೆಲಸ ಹೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು "ಆಮೇಲೆ". ಹಾಗಾಗಿ ಊರಿಗೆಲ್ಲ ಅವನು ಆಮೇಲಪ್ಪ. ಯಾರಾದರೂ ಹಾಗೆ ಕರೆದು ನಕ್ಕರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ನನ್ನ ತಮ್ಮ ಸೋಮಾರಿಯಲ್ಲ, ಸ್ವಲ್ಪ ನಿಧಾನ ಅಷ್ಟೇ" ಎನ್ನುತ್ತಿದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅವಳೇ.

ಹಲಗೆ ಕೂಡಿಸುವುದು ಅಕ್ಕನ ಕೆಲಸ. ಹಲಗೆಗಳ ನಡುವಿನ ಸಂದಿಗೆ ನಾರು ತುಂಬಿ, ಗಟ್ಟಿಯಾಗಿ ಬಡಿದು, ಮೇಲೆ ಕಾಸಿದ ರಾಳ ಬಳಿಯುವುದು ತಮ್ಮನ ಕೆಲಸ. ರಾಳ ಬಳಿದ ಮೇಲೆ ಒಳಗೆ ನಾರಿದೆಯೋ ಇಲ್ಲವೋ ಯಾರ ಕಣ್ಣಿಗೂ ಕಾಣುವುದಿಲ್ಲ.

ದೊಡ್ಡ ದೋಣಿಯೊಂದು ಮುಗಿಯುತ್ತಾ ಬಂದಿತ್ತು.

"ಅಡಿಯ ಸಂದು ಆಯ್ತೇನೋ?" ಅಕ್ಕ ಕೇಳಿದಳು.

"ಆಯ್ತಕ್ಕ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯ್ತು."

"ನಾರು ಸರಿಯಾಗಿ ತುಂಬಿದ್ಯಾ? ನಡುನೀರಲ್ಲಿ ಕೈಕೊಟ್ರೆ ಪ್ರಾಣಕ್ಕೇ ಬರುತ್ತೆ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಂಗೆ?"

ಅಕ್ಕನಿಗೆ ನಾಚಿಕೆಯಾಯಿತು. ಉಳಿಯ ತುದಿಯಿಂದ ಒಮ್ಮೆ ಗೀರಿ ನೋಡಿದ್ದರೆ ಗೊತ್ತಾಗುತ್ತಿತ್ತು. ಗೀರಲಿಲ್ಲ. ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟಳು.

ಹೊಸ ದೋಣಿಯನ್ನು ಮಾಡಿದವರೇ ಮೊದಲು ನೀರಿಗಿಳಿಸಿ ನೋಡುತ್ತಿದ್ದರು. ಆಗೆಲ್ಲ ಮೊದಲು ಹಾರಿ ಕೂರುವವನು ತಮ್ಮನೇ. ಕೆಲಸಕ್ಕೆ ಮೈ ಬಗ್ಗದಿದ್ದರೂ ಸವಾರಿಗೆ ಸದಾ ಸಿದ್ಧ. ಅವತ್ತು ಮಾತ್ರ ಹತ್ತಲಿಲ್ಲ.

"ಬಾರೋ."

"ನೀನು ಹೋಗಿ ಬಾ ಅಕ್ಕ. ನಾನು ಆಮೇಲೆ."

"ಅಯ್ಯೋ ನಿನ್ನ! ಸುಮ್ನೆ ಕೂರೋದಕ್ಕೂ ಸೋಮಾರಿತನವೇನೋ?" ಅಕ್ಕ ನಗುತ್ತಾ ಹುಟ್ಟು ಹಾಕಿದಳು.

ನಡುಹೊಳೆಯಲ್ಲಿ ಪಾದ ತಣ್ಣಗಾಯಿತು. ಬಗ್ಗಿ ನೋಡಿದರೆ ರಾಳ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ಅದರಡಿ ಬೆರಳಿಟ್ಟಳು. ಒಂದೆಳೆ ನಾರೂ ಇರಲಿಲ್ಲ, ಬರೀ ನೀರು.

ತಲೆಯೆತ್ತಿ ದಡದತ್ತ ನೋಡಿದಳು. ತಮ್ಮನ ಮುಖದಲ್ಲಿ ಗಾಬರಿಯಿತ್ತು, ಆಶ್ಚರ್ಯವಿರಲಿಲ್ಲ.

ಸಂದು ತುಂಬದೆ ಬಿಟ್ಟದ್ದು ಸೋಮಾರಿತನ. ಅದನ್ನು ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆದರೆ ಅವನು ಗೊತ್ತಿದ್ದೂ ತನ್ನ ಕಾಲು ನೆನೆಯದಂತೆ ದಡದಲ್ಲಿ ನಿಂತು ಅಕ್ಕನನ್ನು ಕಳಿಸಿದ್ದ. ಅದನ್ನು ಏನೆಂದು ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ.

ದೋಣಿ ಮುಳುಗಿತು. ಅಕ್ಕ ಈಜಿ ದಡ ಮುಟ್ಟಿದಳು. ತಮ್ಮ ಓಡಿಬಂದು ಕೈ ಚಾಚಿದ. ಅವಳು ಪಕ್ಕದ ಮರದ ಬೇರು ಹಿಡಿದು ಮೇಲೆ ಹತ್ತಿದಳು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ತಮ್ಮ ನಾರಿನ ಹೊರೆ ಹೊತ್ತು ದೋಣಿ ಮಾಡುವ ಕೊಟ್ಟಿಗೆಗೆ ಬಂದ. ಹುಟ್ಟಿದಾಗಿನಿಂದ ಅಷ್ಟು ಬೇಗ ಎದ್ದವನೇ ಅಲ್ಲ.

"ಅಕ್ಕ, ಕೊಡು, ನಾನು ತುಂಬ್ತೀನಿ. ಬೇಕಾದ್ರೆ ಪಕ್ಕದಲ್ಲೇ ಕೂತು ನೋಡು."

ಇನ್ನೊಂದು ದೋಣಿಯ ಮೇಲೆ ಬಗ್ಗಿದ್ದ ಅಕ್ಕ ತಲೆಯೆತ್ತಲಿಲ್ಲ.

"ಆಮೇಲೆ" ಅಂದಳು.

ಅವನು ಹೊರೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತ. ಒಳಗೆ ಅವಳು, ಈಗಷ್ಟೇ ತನ್ನ ಕೈಯಾರೆ ತುಂಬಿದ ಸಂದನ್ನು, ಉಳಿಯ ತುದಿಯಿಂದ ಗೀರಿ ಗೀರಿ ನೋಡುತ್ತಿದ್ದಳು.