ತಂತಿಗೆ ಕೊಸರು

ಅಪ್ಪನ ಶಿವಗಣಾರಾಧನೆ ಮುಗಿದ ಮರುದಿನ ಹಂಗಳದ ಹೊಲಕ್ಕೆ ಹೋಗಿ ಕಾವಲು ಗುಡಿಸಲ ಮೇಲಿನ ಆಂಟೆನಾ ಇಳಿಸಿದೆ. ಅಳು ಬರಲಿಲ್ಲ. ಬಂದ ನೆಂಟರೇ ನನ್ನ ಪಾಲಿನದನ್ನೂ ಅತ್ತು ಮುಗಿಸಿದ್ದರೇನೋ.

ಗುಡಿಸಲ ಬಳಿ ಅಪ್ಪನನ್ನು ಆನೆ ತುಳಿದ ಸಂಜೆ, ಆನೆ ಬಂದರೆ ಊರಿಗೆ ತಿಳಿಸುವ ವೈರ್‌ಲೆಸ್ ಸೆಟ್ಟು ಅವರ ಕೈಯಲ್ಲೇ ಇತ್ತು. ಊರಿನ ಸೆಟ್ಟಿನ ಮುಂದೆ ಕೂತಿದ್ದ ಮಹಾಲಿಂಗನಿಗೆ ಬರೀ ಗೊರಗೊರ ಕೇಳಿತಂತೆ. "ದೇವ್ರಾಣೆ, ಒಂದ್ ಮಾತೂ ಬರ್ನಿಲ್ಲ ಕಣ್ಲಾ," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅಪ್ಪನ ಸೆಟ್ಟಿಗೆ ಆಂಟೆನಾ ಮಾಡಿದ್ದು ನಾನು, ಗುಂಡ್ಲುಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವವನು. ಅಪ್ಪ ಅದನ್ನು ಗುಡಿಸಲ ಮೇಲೆ ಕಟ್ಟಿಕೊಂಡದ್ದು ಅದೇ ದಿನ.

ಆಂಟೆನಾ ದನದ ಹಗ್ಗವಲ್ಲ, ಉದ್ದವಿದ್ದಷ್ಟೂ ಒಳ್ಳೆಯದು ಅನ್ನುವುದಕ್ಕೆ. ಪ್ಲಾಸ್ಟಿಕ್ ಹೊದ್ದ ತಂತಿಯಲ್ಲಿ ಅಲೆ ತುಸು ನಿಧಾನಕ್ಕೆ ಸಾಗುತ್ತದೆ. ಅಳತೆ ಟೇಪು ಹೇಳುವುದಕ್ಕಿಂತ ಅಲೆಗೆ ಅದು ಉದ್ದ. ಹಾಗಾಗಿ ಲೆಕ್ಕಕ್ಕಿಂತ ಗಿಡ್ಡವಾಗಿಯೇ ಕತ್ತರಿಸಬೇಕು. ಜಗುಲಿಯ ಮೇಲೆ ನಾನು ಕತ್ತರಿಸುವಾಗ ಅವ್ವ ನೋಡುತ್ತಿದ್ದಳು.

"ಅಪ್ಪುಂಗೆ ಕೊಡದ್ರಲ್ಲೂ ಜುಗ್ಗತನವಾ? ವಸಿ ಉದ್ದ ಬುಡ್ಲಾ."

"ನಿನ್ ಹೂವಿನ್ ಯಾಪಾರ ಅಲ್ಲ ಇದು, ಸುಮ್ಕಿರು."

ಅವ್ವ ಸಂತೆಯಲ್ಲಿ ಹೂ ಮಾರುವವಳು. ಮೊಳ ಹಾಕಿದ ಮೇಲೆ ಕೊಸರು ಸೇರಿಸದೆ ಯಾರನ್ನೂ ಕಳಿಸಿದವಳಲ್ಲ.

ಇಳಿಸಿದ ತಂತಿಯ ತುದಿಗೆ, ನಾನು ಕತ್ತರಿಸಿ ಬಿಸಾಕಿದ ತುಂಡು ಜೋಡಿಸಿತ್ತು, ಒಂದು ಗೇಣು. ಪ್ಲಾಸ್ಟಿಕ್ ಹೆರೆದು, ತಾಮ್ರಕ್ಕೆ ತಾಮ್ರ ಹೊಸೆದು, ಮೇಲೆ ಬಾಳೆನಾರಿನಲ್ಲಿ ಅವ್ವ ಹೂ ಕಟ್ಟುವ ಗಂಟು. ಆ ಗೇಣು ಸೇರಿದ್ದೇ ಅಲೆಗೆ ಲೆಕ್ಕ ತಪ್ಪಿದೆ. ಅಪ್ಪನ ಕೂಗು ಹೊಲ ದಾಟಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವ್ವನಿಗೆ ಇದು ತಿಳಿದರೆ ಅವಳು ಬದುಕುವುದಿಲ್ಲ ಎನ್ನುವುದೊಂದೇ ಹೊಳೆದದ್ದು.

ಮನೆಗೆ ಬಂದಾಗ ಅವಳು ಹೂವಿನ ಬುಟ್ಟಿಯ ಮುಂದೆ ಬರಿಗೈಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಹಾಲಿಂಗ.

"ತಂತಿ ಸಾಲ್ದೆ ಓಯ್ತೇನ್ಲಾ ಮಲ್ಲೇಶ?" ಎಂದಳು. "ನಿಂಗ್ ಕಾಣ್ದಂಗೆ ಒಂದ್ ಗೇಣು ಸೇರ್ಸಿದ್ದೆ ಕಣಪ್ಪ. ಅದೂ ಸಾಲ್ನಿಲ್ವಾ?"

"ಸಾಲ್ನಿಲ್ಲ ಕಣವ್ವ. ನಾನೇ ಗಿಡ್ಡ ಕತ್ತರಿಸ್ಬುಟ್ಟಿದ್ದೆ."

ಮಹಾಲಿಂಗ ಎದ್ದು ಹೊರಗೆ ಹೋದ. ಅವ್ವ ನನ್ನನ್ನು ನೋಡಿದಳು, ಹಾಗೆ ಯಾವತ್ತೂ ನೋಡಿರಲಿಲ್ಲ.

ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಆದರೆ ಹೂ ಕಟ್ಟುತ್ತಾಳೆ, ಎರಡು ಹೊತ್ತು ಉಣ್ಣುತ್ತಾಳೆ, ಮಲಗಿದರೆ ನಿದ್ದೆ ಬರುತ್ತದೆ.