ನಲವತ್ತನೆಯ ಉತ್ತರ

"ಒತ್ರಿ. ಯೋಚನಿ ಮಾಡಬ್ಯಾಡ್ರಿ," ಎಂದ ನಂದಕಿಶೋರ. ಯೋಚನೆ ಮಾಡುವ ಪೈಕಿಯೇನು ಇವಳು, ಎಂದು ಒಳಗೇ ನಕ್ಕ.

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಕ್ರವ್ವ ಅಂಟು ಬೆರಳನ್ನು ಸೆರಗಿಗೆ ಒರೆಸಿಕೊಂಡು ಅವನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ನಾಲ್ಕು ಚೌಕ. ಯಾವುದು ಬೆಳಗಿತೋ ಅದರ ಗುಂಡಿ ಒತ್ತಬೇಕು. ಹತ್ತು ಬೆಳಕಿನ ಒಂದೇ ಸರಣಿ ತಿರುತಿರುಗಿ ಬರುತ್ತದೆಂದು ಯಾರಿಗೂ ಹೇಳಿರಲಿಲ್ಲ. ಬೆರಳು ಕ್ರಮ ಕಲಿಯುತ್ತದೆ, ತಲೆಗೆ ಸುದ್ದಿಯೇ ಇರುವುದಿಲ್ಲ. ವಿಜಯಪುರದ ಈ ಮನಃಶಾಸ್ತ್ರ ಅಧ್ಯಾಪಕನ ಮೂರು ವರ್ಷದ ಪ್ರಬಂಧವೆಲ್ಲ ಇಷ್ಟೇ. ಸೋಮವಾರ ಒಪ್ಪಿಸಬೇಕು. ತಲೆಗೆ ಸುದ್ದಿ ಹೋಗದವರೇ ಬೇಕೆಂದು ಇಲ್ಲಿಗೆ ಬಂದಿದ್ದ. ಮೂವತ್ತೊಂಬತ್ತು ಹೆಂಗಸರು ಮುಗಿದಿದ್ದರು. ಇವಳೊಬ್ಬಳಾದರೆ ಈ ಜಿಗುಟು ವಾಸನೆಯ ಸಹವಾಸ ತೀರಿತು.

ಸಕ್ರವ್ವನ ಬೆರಳು ಬೆಳಕಿಗಿಂತ ಮೊದಲೇ ಗುಂಡಿಯ ಮೇಲಿರುತ್ತಿತ್ತು. ಭಲೆ, ಎಂದುಕೊಂಡ. ಕಲಿಸಿದರೆ ಕೋತಿಗೂ ಬರುತ್ತದೆ.

"ಬೆಳಕು ಬರೋದ್ರಾಗ ಏನರ ಕ್ರಮ ಕಾಣಿಸ್ತೇನ್ರಿ?" ಕೊನೆಯ ಪ್ರಶ್ನೆ ಕೇಳಿದ. ಹಾಳೆಯಲ್ಲಿ 'ಇಲ್ಲ' ಎಂದು ಆಗಲೇ ಬರೆದಿದ್ದ.

"ಏನ ಅನ್ಲಿರಿ? ಹೌದೋ, ಇಲ್ಲೋ?"

"ಖರೇ ಹೇಳ್ರಿ."

"ಖರೇ ಅಂದ್ರ ಕಾಣಿಸ್ತರಿ. ಎಲ್ಲಾರಿಗೂ ಕಾಣಿಸೈತಿ."

"ಎಲ್ಲಾರೂ ಇಲ್ಲ ಅಂದಾರಲ್ಲ!"

ದ್ರಾಕ್ಷಿ ಆರಿಸುತ್ತಿದ್ದ ಹಾಜಿರಾಬಿ ತಲೆ ಎತ್ತಲಿಲ್ಲ. "ಮೊದಲ ದಿನ ನಾ ಒಬ್ಬಾಕಿ ಹೌದ ಅಂದಿದ್ದೆರಿ. ನಿಮ್ಮ ಮಾರಿ ಸಣ್ಣದಾತು. ಮತ್ತ ಮೊದಲಿಂದ ಒತ್ತಸಿದ್ರಿ. ಆಗ ಇಲ್ಲ ಅಂದೆ, ಬಿಟ್ರಿ. ನಾನ ಇವರಿಗೆಲ್ಲ ಹೇಳೇನ್ರಿ, ಇಲ್ಲ ಅನ್ರಿ, ಲಗೂ ಬಿಡ್ತಾರ ಅಂತ."

ಅಯ್ಯೋ ನನ್ನ ಮೂರು ವರ್ಷ! ಬರೆದಿಟ್ಟ 'ಇಲ್ಲ'ಗಳ ಹಾಳೆಗಳನ್ನು ತಿರುವಿದ. ಈ ಹೆಬ್ಬೆಟ್ಟಿನವರು ನನ್ನ ಮುಖ ಓದಿದರೇ? ಥೂ, ಸುಳ್ಳು.

"ಹಂಗಾರ ಮುಂದಿಂದು ಹೇಳ್ರಿ, ನೋಡೂನು," ಎಂದು ಸಕ್ರವ್ವನನ್ನು ಎಬ್ಬಿಸಿ ತಾನೇ ಕೂತ. ಪರದೆ ಯಾರಿಗೂ ಕಾಣದಂತೆ ಗೋಡೆಯ ಕಡೆ ತಿರುಗಿಸಿಕೊಂಡು ಸರಣಿಯನ್ನು ಮೊದಲಿನಿಂದ ಶುರುಮಾಡಿದ.

"ಎಡ ತುದಿ," ಎಂದಳು ಹಾಜಿರಾಬಿ. ಎಡ ತುದಿ ಬೆಳಗಿತು. ಒತ್ತಿದ.

"ಮೂರನೇದು," ಎಂದಳು ಸಕ್ರವ್ವ. ಮೂರನೆಯದು ಬೆಳಗಿತು. ಒತ್ತಿದ.

ಶೆಡ್ಡಿನ ಹೆಂಗಸರೆಲ್ಲ ದನಿಗೂಡಿಸಿದರು. ಒಬ್ಬರ ಕಣ್ಣೂ ದ್ರಾಕ್ಷಿಯಿಂದ ಮೇಲೇಳಲಿಲ್ಲ. ಕಡ್ಡಿ ಬೇರೆ, ಹಣ್ಣು ಬೇರೆ ಮಾಡುತ್ತಲೇ ಹೇಳಿದರು. ಒಂದೂ ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬೆಳಕಿಗೆ ಕಾಯುವುದನ್ನೇ ಬಿಟ್ಟ.

ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು.

"ಎರಡನೇದು," ಎಂದರು ಹೆಂಗಸರು.

ನಂದಕಿಶೋರ ಒತ್ತಿದ.

"ಬಲ ತುದಿ."

ಒತ್ತಿದ.